ಮೇಜಿನ ಶಿಸ್ತು, ಮನಸ್ಸಿನ ಸಂಯಮ

(ದಶಲಕ್ಷಣ ಪರ್ವದ ಉತ್ತಮ ಸಂಯಮ ಧರ್ಮದ ದಿನ ಚೆನ್ನೈಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂಯಮವನ್ನು ಕುರಿತು ತ್ಯಾಗಿಗಳೂ ಪಂಡಿತರೂ ಮಾತನಾಡಬೇಕಾದ ದಿನ ಒಬ್ಬ ಲೆಕ್ಕಪರಿಶೋಧಕ ಏನು ಹೇಳಬಲ್ಲನೆಂದು ನಿಮಗೆ ಅನ್ನಿಸಬಹುದು. ನಾನು ಆಯ್ದುಕೊಂಡ ವಿಷಯ ಜೂಜು. ಸಪ್ತವ್ಯಸನಗಳಲ್ಲಿ ಮೊದಲು ಎಣಿಸುವುದು ದ್ಯೂತವನ್ನೇ. ಆದರೆ ಮದ್ಯ ಮಾಂಸಗಳ ವಿಷಯದಲ್ಲಿ ನಮ್ಮ ಸಮಾಜ ತೋರುವ ಕಟ್ಟುನಿಟ್ಟು ದ್ಯೂತದ ವಿಷಯದಲ್ಲಿ ಕಾಣುವುದಿಲ್ಲ. ಕಂದಮೂಲ ಮುಟ್ಟದ ಮನೆಯಲ್ಲಿಯೂ ಇಸ್ಪೀಟು ಎಲೆಗಳಿರುತ್ತವೆ. ಗೋವೆಯ ಹಡಗಿನ ಕ್ಯಾಸಿನೋಗೆ, ಇಲ್ಲವೇ ಚೆನ್ನೈಯಿಂದ ಸುಮಾರು ಒಂದೂವರೆ ಗಂಟೆಯ ವಿಮಾನಯಾನದ ಕೊಲಂಬೊಗೆ ಹೋಗಿ ಬಂದವರು ಅದನ್ನು ಮರೆಮಾಚುವುದೂ ಇಲ್ಲ. ಕೇಳಿದರೆ ದೊರೆಯುವ ಉತ್ತರ ಒಂದೇ: “ನಾನು ಶಿಸ್ತಿನಿಂದ ಆಡುತ್ತೇನೆ. ಇಷ್ಟು ಹಣವೆಂದು ನಿಗದಿ ಮಾಡಿಕೊಳ್ಳುತ್ತೇನೆ, ಮುಗಿದರೆ ಏಳುತ್ತೇನೆ.” ಈ ಉತ್ತರವನ್ನು ಗೌರವದಿಂದಲೇ ಪರಿಶೀಲಿಸೋಣ.

ಶಿಸ್ತಿಗೆ ಅತಿ ಹೆಚ್ಚು ಬೆಲೆಯಿರುವ ಜೂಜು ಬ್ಲ್ಯಾಕ್‌ಜಾಕ್. ಎಲೆಗಳ ಮೊತ್ತ 21ನ್ನು ದಾಟದಂತೆ ಹಂಚುವವನಿಗಿಂತ ಮುಂದಿರಬೇಕು, ಇಷ್ಟೇ ಆಟ. ಆಟಗಾರ ಮೊದಲು ಎಲೆ ತೆಗೆದುಕೊಳ್ಳಬೇಕು. ಅವನು 21ನ್ನು ದಾಟಿದರೆ ಹಣ ಅಲ್ಲಿಗೇ ಹೋಯಿತು. ಬಳಿಕ ಹಂಚುವವನೂ ದಾಟಿದರೆ ಅದರಿಂದ ಇವನಿಗೆ ಪ್ರಯೋಜನವಿಲ್ಲ. ಕ್ಯಾಸಿನೋದ ಲಾಭ ಮುಖ್ಯವಾಗಿ ಹುಟ್ಟುವುದು ಈ ಒಂದು ಅನುಕ್ರಮದಿಂದ. ಗಣಿತಜ್ಞರು ಸಿದ್ಧಪಡಿಸಿದ ಕೋಷ್ಟಕವನ್ನು ಬಾಯಿಪಾಠ ಮಾಡಿ ಒಂದು ತಪ್ಪೂ ಇಲ್ಲದೆ ಆಡುವವನ ವಿರುದ್ಧ ಮನೆಯ ಲಾಭಾಂಶ ಸುಮಾರು ಶೇ. 0.5. ಅಂದಾಜಿನ ಮೇಲೆ ಆಡುವ ಸಾಮಾನ್ಯನ ವಿರುದ್ಧ ಅದು ಶೇ. 2ರ ಆಸುಪಾಸು.

ಈಗ ಲೆಕ್ಕ ಹಾಕೋಣ. ಕೈಗೆ 1,000 ರೂಪಾಯಿಯಂತೆ, ಗಂಟೆಗೆ 60 ಕೈ, ನಾಲ್ಕು ಗಂಟೆ. ಪಣಕ್ಕಿಟ್ಟ ಒಟ್ಟು ಮೊತ್ತ 2,40,000 ರೂಪಾಯಿ. ಸಾಮಾನ್ಯ ಆಟಗಾರನ ಸರಾಸರಿ ನಷ್ಟ 4,800, ಶಿಸ್ತಿನವನದು 1,200. ಶಿಸ್ತು ನಷ್ಟವನ್ನು ನಾಲ್ಕನೆಯ ಒಂದು ಭಾಗಕ್ಕೆ ಇಳಿಸಿತು, ನಿಜ. ಆದರೂ ಅದು ನಷ್ಟವೇ. ಎಷ್ಟು ಗೆದ್ದರೆ ಏಳಬೇಕು, ಎಷ್ಟು ಸೋತರೆ ಏಳಬೇಕು ಎಂಬ ನಿಯಮಗಳಿಂದ ಒಂದೊಂದು ಕೈಯ ಬೆಲೆ ಬದಲಾಗುವುದಿಲ್ಲ; ಎಷ್ಟು ಕೈ ಆಡುತ್ತೇವೆ ಎಂಬುದಷ್ಟೇ ಬದಲಾಗುತ್ತದೆ.

ಹಾಗಾದರೆ ಜನ ಮತ್ತೆ ಮತ್ತೆ ಏಕೆ ಹೋಗುತ್ತಾರೆ? ಅದೇ 240 ಕೈಗಳಲ್ಲಿ ಅದೃಷ್ಟದ ಏರಿಳಿತ ಸಹಜವಾಗಿಯೇ 18,000 ರೂಪಾಯಿಯಷ್ಟು ಅತ್ತಿತ್ತ ಹೋಗಬಲ್ಲದು. 1,200 ರೂಪಾಯಿಯ ಖಚಿತ ಸವಕಳಿ ಈ ಅಲೆಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಅನೇಕರು ಗೆದ್ದೇ ಮನೆಗೆ ಬರುತ್ತಾರೆ, ಆ ಗೆಲುವನ್ನು ತಮ್ಮ ಸಂಯಮದ ಫಲವೆಂದು ತಿಳಿಯುತ್ತಾರೆ. ಸೋಲಿಗಿಂತ ಹೆಚ್ಚು ಅಪಾಯಕಾರಿಯಾದುದು ಈ ತಿಳಿವಳಿಕೆ. ಆದಾಯ ತೆರಿಗೆ ಕಾಯ್ದೆಗೆ ಈ ಭ್ರಮೆಯಿಲ್ಲ. ಗೆದ್ದ ಹಣಕ್ಕೆ ಶೇ. 30 ತೆರಿಗೆ, ಅದಕ್ಕಾಗಿ ಮಾಡಿದ ಖರ್ಚಿಗೆ ಕಡಿತವಿಲ್ಲ, ಜೂಜಿನ ನಷ್ಟವನ್ನು ವ್ಯಾಪಾರದ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಅಂಗಡಿಯ ಯಾವ ಸರಕನ್ನು ಈ ಷರತ್ತಿನ ಮೇಲೆ ಕೊಳ್ಳಲು ನಮ್ಮ ವರ್ತಕರು ಒಪ್ಪಿಯಾರು?

ಆ ಮೇಜಿನಲ್ಲಿ ಪೂರ್ಣ ಶಿಸ್ತಿನವನು ಒಬ್ಬನಿದ್ದಾನೆ. ಅವನು ಎಲೆ ಹಂಚುವವನು. ಮೊತ್ತ 16 ಇದ್ದರೆ ಅವನು ಇನ್ನೊಂದು ಎಲೆ ತೆಗೆಯಲೇಬೇಕು. 17 ಆದರೆ ಸಾಮಾನ್ಯವಾಗಿ ನಿಲ್ಲಲೇಬೇಕು. ಅವನಿಗೆ ಆಸೆಯಾಗಲಿ ಹಠವಾಗಲಿ ಇರಲು ಎಡೆಯೇ ಇಲ್ಲ. ಅವನ ಮನೋಬಲ ನಮಗಿಂತ ಹೆಚ್ಚಿನದೇನಲ್ಲ. ಅವನ ನಿರ್ಧಾರ ಆಟಕ್ಕೆ ಮೊದಲೇ ಆಗಿ ಹೋಗಿದೆ, ಮೇಜಿನ ಬಳಿ ಅದನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಆಟಗಾರನ ಮಿತಿಯಾದರೋ ಅವನ ಕೈಯಲ್ಲೇ ಇದೆ: ಮಧ್ಯಾಹ್ನ 10,000 ಎಂದು ನಿಶ್ಚಯಿಸಿದವನು ಒಬ್ಬ, ರಾತ್ರಿ ಹನ್ನೊಂದಕ್ಕೆ ಸೋತು ಕುಳಿತು ಅದನ್ನು ತಿದ್ದುವವನು ಇನ್ನೊಬ್ಬ.

ನಮ್ಮ ಆಚಾರ್ಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಯಮ, ನಿಯಮ ಎಂಬ ಎರಡು ಬಗೆಗಳಿವೆ: ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಎರಡೂ ಪ್ರಲೋಭನೆ ಎದುರಾಗುವ ಮೊದಲೇ ಕೈಗೊಳ್ಳುವಂಥವು. ರಾತ್ರಿಭೋಜನ ತ್ಯಾಗವನ್ನು ನೋಡಿ. ಪ್ರತಿ ರಾತ್ರಿ ಹಸಿವಾದಾಗ ತಿನ್ನಬೇಕೇ ಬೇಡವೇ ಎಂದು ಯೋಚಿಸುವ ಕೆಲಸವನ್ನೇ ಅದು ತಪ್ಪಿಸುತ್ತದೆ. ಮಹಾಭಾರತದ ಧರ್ಮರಾಯ ಬೇರೆಲ್ಲ ವಿಷಯದಲ್ಲಿ ಸಂಯಮಿ. ಮೊದಲ ದ್ಯೂತದಲ್ಲಿ ಕಳೆದುಕೊಂಡದ್ದೆಲ್ಲ ಮರಳಿ ದೊರೆತ ಮೇಲೂ ಎರಡನೆಯ ಕರೆಗೆ ಓಗೊಟ್ಟು ಕುಳಿತ. ದ್ಯೂತವ್ಯಸನಕ್ಕೆ ನಮ್ಮ ಪರಂಪರೆ ಅವನನ್ನೇ ಉದಾಹರಣೆಯಾಗಿ ಕೊಡುವುದರಲ್ಲಿ ಅರ್ಥವಿದೆ.

ಇನ್ನು ಸರ್ಕಾರಗಳ ಮಾತು. ತಮಿಳುನಾಡು 2021ರಲ್ಲಿ ತಂದ ನಿಷೇಧವನ್ನು ಮದ್ರಾಸ್ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ರದ್ದುಪಡಿಸಿತು. ಕರ್ನಾಟಕದ ನಿಷೇಧಕ್ಕೂ 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಅದೇ ಗತಿಯಾಯಿತು. ನ್ಯಾಯಮೂರ್ತಿ ಕೆ. ಚಂದ್ರು ಸಮಿತಿಯ ವರದಿಯ ಬಳಿಕ ತಮಿಳುನಾಡು ರೂಪಿಸಿದ ಕಾನೂನನ್ನು ರಾಜ್ಯಪಾಲರು ಹಿಂದಿರುಗಿಸಿದರು. ವಿಧಾನಸಭೆ 2023ರ ಮಾರ್ಚ್‌ನಲ್ಲಿ ಮತ್ತೆ ಅಂಗೀಕರಿಸಿತು. ಆ ವರ್ಷದ ನವೆಂಬರ್‌ನಲ್ಲಿ ಹೈಕೋರ್ಟ್ ಕಾನೂನನ್ನು ಉಳಿಸಿತಾದರೂ ರಮ್ಮಿ, ಪೋಕರ್‌ಗಳು ಕೌಶಲದ ಆಟಗಳೆಂದು ಅವುಗಳ ನಿಷೇಧವನ್ನು ತೆಗೆದುಹಾಕಿತು. ಆಮೇಲೆ ರಾಜ್ಯ ರಾತ್ರಿ 12ರಿಂದ ಬೆಳಗಿನ 5 ಗಂಟೆಯವರೆಗೆ ಹಣದ ಆಟಗಳನ್ನು ನಿಲ್ಲಿಸುವ ನಿಯಮ ತಂದಿತು. ಅದನ್ನು ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿಯಿತು. ನಡುರಾತ್ರಿಯ ಮನಸ್ಸನ್ನು ನಂಬಬಾರದೆಂಬ ವಿವೇಕ ಅದರಲ್ಲಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾನೂನು, ಕೌಶಲವಿರಲಿ ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ.

ಈ ಕಾನೂನನ್ನು ನಾನು ಸ್ವಾಗತಿಸುತ್ತೇನೆ. ಕೌಶಲವೆಂಬ ವಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ, ಶಕುನಿಯೂ ಕುಶಲನೇ. ಶ್ರಾವಕನು ಕೇಳಬೇಕಾದುದು ಈ ಆಟ ಲೋಭವನ್ನೂ ಮಾನವನ್ನೂ ಬೆಳೆಸುತ್ತದೆಯೋ ಇಲ್ಲವೋ ಎಂದು. ಆದರೆ ಫೋನಿನಲ್ಲಿ ಅಪರಾಧವಾದ ಆಟವೇ ಮಾಂಡೋವಿ ನದಿಯ ಹಡಗಿನಲ್ಲಿ ಪರವಾನಗಿ ಪಡೆದ ಉದ್ಯಮವಾಗಿದೆ. ಸರ್ಕಾರ ಈ ವೈರುಧ್ಯಕ್ಕೆ ಉತ್ತರ ಹೇಳಬೇಕು. ಅಷ್ಟರವರೆಗೆ ನಾವು ಕಾಯಬೇಕಾಗಿಲ್ಲ.

ಜೂಜೆಂಬ ಹೆಸರಿಲ್ಲದೆ ಬರುವುದನ್ನೂ ಗಮನಿಸಿ. ಷೇರು ಹೂಡಿಕೆ ಜೂಜಲ್ಲ, ಫ್ಯೂಚರ್ಸ್ ಆಪ್ಷನ್ಸ್ ವಹಿವಾಟನ್ನೂ ಕಾನೂನು ವ್ಯಾಪಾರವೆಂದೇ ಎಣಿಸುತ್ತದೆ. ಆದರೆ ಸೆಬಿಯ 2024ರ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಆ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಸಾಲ ಮಾಡಿ, ಮನೆಯವರಿಗೆ ತಿಳಿಸದೆ ಅದರಲ್ಲಿ ತೊಡಗಿದವನ ಮನಸ್ಸು ಮೇಜಿನ ಮುಂದೆ ಕುಳಿತವನ ಮನಸ್ಸಿಗಿಂತ ಭಿನ್ನವೇ?

ಸಮಾಜದ ಮುಂದೆ ಮೂರು ವಿನಂತಿಗಳನ್ನಿಡುತ್ತೇನೆ. ಮೊದಲನೆಯದು, ದೀಪಾವಳಿಯ ಇಸ್ಪೀಟನ್ನು ನಿಲ್ಲಿಸಿ. ಅದು ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ದಿನ. ಮದುವೆಯ ಮನರಂಜನೆಯೆಂದು ಕ್ಯಾಸಿನೋ ಮೇಜುಗಳನ್ನು ಹಾಕಿಸುವುದನ್ನೂ ಬಿಡಿ. ಎರಡನೆಯದು, ವರ್ಷಕ್ಕೊಮ್ಮೆ ಮನೆಯ ಆಸ್ತಿ, ಸಾಲ, ಬ್ಯಾಂಕ್ ಖಾತೆಗಳ ವಿವರವನ್ನು ಪತಿ ಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ನೋಡಿ. ಜೂಜಿನ ಸಾಲ ಬೆಳೆಯುವುದು ಕತ್ತಲಲ್ಲಿ, ಒಡವೆ ಅಡವಿಟ್ಟ ಸುದ್ದಿ ಹೆಣ್ಣುಮಕ್ಕಳಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಸಾಲದಲ್ಲಿ ಸಿಕ್ಕ ತರುಣ ಮನೆಯಲ್ಲಿ ಬಾಯಿ ಬಿಟ್ಟು ಹೇಳಿದರೆ, ಆ ದಿನ ಅವನನ್ನು ನಿಂದಿಸಬೇಡಿ. ಮರ್ಯಾದೆ ಹೋಯಿತೆಂಬ ಮಾತಿಗೆ ಹೆದರಿಯೇ ಹುಡುಗರು ಪ್ರಾಣ ಬಿಡುವವರೆಗೆ ಹೋಗುತ್ತಾರೆ. ಮೂರನೆಯದು, ತರುಣರು ಇಂದು ಒಂದು ವರ್ಷದ ನಿಯಮವನ್ನಾದರೂ ತೆಗೆದುಕೊಳ್ಳಲಿ: ಫೋನಿನಲ್ಲಾಗಲಿ ಮೇಜಿನ ಮೇಲಾಗಲಿ ಹಣವಿಟ್ಟು ಆಡುವುದಿಲ್ಲ ಎಂದು. ಮುಂದಿನ ಪರ್ವದಲ್ಲಿ ಅದನ್ನು ನವೀಕರಿಸಬಹುದು.

ಇಷ್ಟು ಆಡುತ್ತೇನೆ ಎಂಬ ಮಿತಿಯನ್ನು ಕಾಯಲು ಪ್ರತಿ ಕೈಯಲ್ಲೂ ಹೋರಾಡಬೇಕು. ಆಡುವುದಿಲ್ಲ ಎಂಬ ನಿಯಮವನ್ನು ಒಮ್ಮೆ ತೆಗೆದುಕೊಂಡರೆ ಸಾಕು. ಲೆಕ್ಕದವನಾಗಿ ನನಗೆ ಎರಡನೆಯದೇ ಸುಲಭವೆಂದು ಕಾಣುತ್ತದೆ.

ಜೈ ಜಿನೇಂದ್ರ.