ಕಾಫಿಯ ತೋಟದಲ್ಲಿ ಮುಪ್ಪು

ಪಟ್ಟಣದಲ್ಲಿ ಕಚೇರಿಯಲ್ಲಿಯೋ ಕಾಲೇಜಿನಲ್ಲಿಯೋ ಉದ್ಯೋಗದಲ್ಲಿರುವ ನಮ್ಮಂಥವರಿಗೆ ನಿವೃತ್ತಿಯೆಂಬುದು ಮೊದಲೇ ಗೊತ್ತಾದ ಒಂದು ದಿನ. ಆ ದಿನ ಬರುವುದಕ್ಕೆ ಎಷ್ಟೋ ಮುಂಚಿತವಾಗಿಯೇ ಕೈಗೆ ಬರತಕ್ಕ ಹಣದ ಲೆಕ್ಕವನ್ನು ಹಾಕಿಕೊಂಡಿರುತ್ತೇವೆ. ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಕಾಫಿಯ ತೋಟಗಳನ್ನು ನಂಬಿ ಬಾಳುವ ಆಳುಗಳ ಸ್ಥಿತಿ ಹಾಗಲ್ಲ. ಅವರು ಕೆಲಸ ಬಿಡುವ ದಿನವನ್ನು ಎಷ್ಟೋ ವೇಳೆ ದೂರದೇಶದ ಪೇಟೆಯ ಧಾರಣೆಯೇ ಗೊತ್ತುಮಾಡುತ್ತದೆ. ಅದು ಹೇಗೆಂಬುದನ್ನು ಈ ಹೊತ್ತು ವಿಚಾರಮಾಡೋಣ.

1942ರ ಕಾಯಿದೆಯ ಮೇರೆಗೆ ಕಾಫಿ ಬೋರ್ಡು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಕಾಲವೊಂದಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಏರ್ಪಾಡು ಮುರಿದುಬಿದ್ದಿತು. ಮುಂದಿನ ಕೆಲವು ವರ್ಷಗಳಲ್ಲಿ ನಮ್ಮ ಬೆಳೆಗಾರರಿಗೂ ತಮ್ಮ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ಬಂದಿತು. ಅದರ ಜೊತೆಗೆ ಲೋಕದ ಪೇಟೆಯ ಏರಿಳಿತವೂ ಬಂದಿತು. ವಿಯೆಟ್ನಾಮ್, ಬ್ರೆಜಿಲ್ ದೇಶಗಳಲ್ಲಿ ಬೆಳೆ ಹೆಚ್ಚಿತು. 1997ರಲ್ಲಿ ಪೌಂಡಿಗೆ ಸರಾಸರಿ 134 ಸೆಂಟಿನಷ್ಟಿದ್ದ ಲೋಕಧಾರಣೆ 2001ರಲ್ಲಿ 46 ಸೆಂಟಿನಷ್ಟಕ್ಕೆ ಇಳಿಯಿತು.

ಧಾರಣೆ ಇಳಿದರೆ ತೋಟದವರು ಮೊದಲು ಗೊಬ್ಬರವನ್ನು ನಿಲ್ಲಿಸುವರು; ಬಳಿಕ ಕೆಲಸಗಳನ್ನು ಮುಂದಕ್ಕೆ ಹಾಕುವರು. ಮರವನ್ನು ಹತ್ತಿ ನೆರಳು ಕಡಿಯುವುದಕ್ಕೆ ಎಳೆಯ ಮೈ ಬೇಕು. ವಯಸ್ಸಾದವರಿಗೆ ಉಳಿಯುವುದು ಚಿಗುರು ತೆಗೆಯುವುದು, ಸಸಿಮಡಿಗೆ ನೀರು ಹಾಕುವುದು ಮುಂತಾದ ಹಗುರ ಕೆಲಸ. ಆದರೆ ಬೆಲೆಯಿಲ್ಲದ ವರ್ಷದಲ್ಲಿ ಹೊಸ ಸಸಿ ನೆಡುವವರಾರು? ಹೀಗೆ ಮುದುಕರ ಪಾಲಿನ ಕೆಲಸವೇ ಮೊದಲು ಮಾಯವಾಗುತ್ತದೆ.

2002ರಲ್ಲಿ, ನಾವಿನ್ನೂ ವಿದ್ಯಾರ್ಥಿಗಳಾಗಿದ್ದಾಗ, ಆಲೂರಿನ ಕಡೆಯ ಒಂದು ತೋಟದಲ್ಲಿ ಹಿರಿಯ ಆಳೊಬ್ಬನನ್ನು ಮಾತನಾಡಿಸಿದೆವು. ಚಿಕ್ಕಂದಿನಲ್ಲಿ ತಂದೆಯೊಡನೆ ಘಟ್ಟ ಹತ್ತಿ ಬಂದವನು. ವಾರಕ್ಕೆ ಮೂರೇ ದಿನ ಕೆಲಸವೆಂದು ಹೇಳಿ, "ಕೂಲಿ ಹೋದರೆ ಗಂಜಿ ಕುಡಿದೇವು ಸ್ವಾಮಿ, ಲೈನು ಮನೆ ಬಿಡು ಅಂದರೆ ಎಲ್ಲಿಗೆ ಹೋಗಲಿ? ಊರಲ್ಲಿ ನನ್ನ ಗುರುತು ಹಿಡಿಯೋರೇ ಇಲ್ಲ" ಎಂದನು. ಕೆಲಸದೊಡನೆ ಮನೆಯೂ ಹೋಗುವುದೆಂಬ ಈ ಭಯವನ್ನು ಪಟ್ಟಣದ ನಾವು ಅರಿಯೆವು.

ಕಾನೂನು ಇವರನ್ನು ಮರೆತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ವಸತಿ, ವೈದ್ಯಸಹಾಯಗಳನ್ನು ವಿಧಿಸಿತು. 1972ರ ಗ್ರಾಚ್ಯುಟಿ ಕಾಯಿದೆ 5 ವರ್ಷ ದುಡಿದವರಿಗೆ, ದುಡಿದ ಒಂದೊಂದು ವರ್ಷಕ್ಕೂ 15 ದಿನದ ಕೂಲಿಯಂತೆ ಹಣ ಕೊಡಬೇಕೆಂದಿತು. 30 ವರ್ಷ ದುಡಿದವನಿಗೆ 450 ದಿನದ ಕೂಲಿಯಾಯಿತು. ಆದರೆ ಸಾಮಾನ್ಯವಾಗಿ ವರ್ಷವೊಂದು ಲೆಕ್ಕಕ್ಕೆ ಬರಬೇಕಾದರೆ 240 ದಿನದ ಕೆಲಸ ಬೇಕಾಗಿತ್ತು. ವಾರಕ್ಕೆ ಮೂರು ದಿನವಾದರೆ ವರ್ಷಕ್ಕೆ 156 ದಿನವಷ್ಟೆ. ಮೇಲಾಗಿ 10 ಆಳಿಗಿಂತ ಕಡಮೆಯಿದ್ದ ತೋಟಗಳಿಗೆ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿಯೋ ನೂರಕ್ಕೆ 98ಕ್ಕೂ ಹೆಚ್ಚಿನವು 10 ಹೆಕ್ಟೇರಿನೊಳಗಿನವು. ಧಾರಣೆ ಬಿದ್ದಾಗ ಅಂಥ ಸಣ್ಣ ಬೆಳೆಗಾರನೂ ಸಾಲಗಾರನೇ; ಅವನೊಬ್ಬನನ್ನೇ ದೂರಿ ಫಲವಿಲ್ಲ.

ಹಾಗಾದರೆ ಮಾಡತಕ್ಕುದೇನು? ತೋಟ ಚಿಕ್ಕದಾಗಲಿ ದೊಡ್ಡದಾಗಲಿ, ಆಳಿನ ಹಾಜರಿ ಪುಸ್ತಕದಲ್ಲಿ ಬರೆದಿರಲಿ. ಬರೆಯದ ದುಡಿಮೆಗೆ ಮುಪ್ಪಿನಲ್ಲಿ ಸಾಕ್ಷಿಯಿಲ್ಲ. ಜೀವಮಾನವನ್ನೇ ಸವೆಸಿದವರಿಗೆ ಬೇರೆ ನೆಲೆ ದೊರೆಯುವವರೆಗೆ ಲೈನು ಮನೆ ತಪ್ಪದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಒಳ್ಳೆಯ ವರ್ಷದಲ್ಲಿ ಕೆಟ್ಟ ವರ್ಷಕ್ಕಾಗಿ ತೆಗೆದಿಡುವ ನಿಧಿಯೊಂದು ಬೇಕು. 2024ರಲ್ಲಿ ರೊಬಸ್ಟಾ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಏರಿದುದು ಇಳಿಯುವುದೆಂಬುದನ್ನು ಮಲೆನಾಡು ಚೆನ್ನಾಗಿ ಬಲ್ಲುದು. ಇಳಿಯುವ ದಿನದ ಯೋಚನೆಯನ್ನು ಏರಿದ ದಿನದಲ್ಲಿ ಮಾಡಿದರೆ ಮಾತ್ರ ಅದು ಮುದುಕರ ಕೈಗೆ ಕೂಳಾಗಿ ಮುಟ್ಟೀತು.