ದೊರೆಯ ತೋಟ, ಸೋಲಿಗರ ಬೆಟ್ಟ



ಯೂರೋಪಿನ ಜನ ಹಡಗು ಹತ್ತಿ ಅಮೆರಿಕ, ಆಸ್ಟ್ರೇಲಿಯಗಳಿಗೆ ಹೋಗಿ ಹೊಸ ಬದುಕು ಕಟ್ಟಿಕೊಂಡದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಂಥದೇ ಒಂದು ಕಥೆ ಚಾಮರಾಜನಗರದ ಮಗ್ಗುಲಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದಿದೆ. ಗುಂಡ್ಲುಪೇಟೆಯ ಮೇಲೆ ಊಟಿಗೆ ಹೋಗುತ್ತಿದ್ದ ಬಿಳಿಯರಲ್ಲಿ ಎಷ್ಟೋ ಮಂದಿ ತಂಪು ಹವೆಗಾಗಿ ಹೋದವರು. ಸ್ಕಾಟ್ಲೆಂಡಿನ ರ‍್ಯಾಂಡಾಲ್ಫ್ ಹೇಟನ್ ಮಾರಿಸ್ ಈ ಬೆಟ್ಟಕ್ಕೆ ಬಂದದ್ದು ಬೇರೂರುವುದಕ್ಕೆ.

ಕಾಲ 19ನೇ ಶತಮಾನದ ಕೊನೆಯ ದಶಕಗಳು. ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ಚಾಮರಾಜನಗರಕ್ಕೆ 1926ರಲ್ಲಿ. ಮುಂದಿನ ದಾರಿ ಕಾಲ್ನಡಿಗೆ, ಕುದುರೆ, ಎತ್ತಿನ ಗಾಡಿ. ತಪ್ಪಲಿನಲ್ಲಿ ಮಲೇರಿಯಾ, ಮೇಲೆ ಆನೆ, ಕಾಟಿ. ಕಾಫಿಯೋ, ಇಂದು ನೆಟ್ಟರೆ ನಾಳೆ ಕಾಸು ಕೊಡುವ ಬೆಳೆಯಲ್ಲ. ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಬರೀ ಖರ್ಚು. ಆದರೂ ಅತ್ತಿಖಾನೆಯಲ್ಲಿ ತೋಟ ಎದ್ದಿತು. ಮಗ ರಾಲ್ಫ್ ಕ್ಯಾಮ್ರೂ ಮಾರಿಸ್ ಕಾಲಕ್ಕೆ ಹೊನ್ನಮೇಟಿ ತೋಟವೂ ಹೆಸರಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಖಾಲಿ ಕಾಡಿಗೆ ಬಂದು ತೋಟ ಮಾಡಿದ ದೊರೆ’ ಎನ್ನುವುದು ಅರ್ಧ ಸತ್ಯ. ಆ ಕಾಡು ಖಾಲಿ ಇರಲಿಲ್ಲ. ಸೋಲಿಗರು ಅಲ್ಲಿ ಪೋಡು ಕಟ್ಟಿಕೊಂಡು ರಾಗಿ ಬೆಳೆಯುತ್ತ, ಜೇನು ಕೀಳುತ್ತ ಬದುಕಿದ್ದರು. ಅವರ ದುಡಿಮೆ, ಅವರ ಕಾಡಿನ ತಿಳಿವಳಿಕೆ ಇಲ್ಲದೆ ದೊರೆಗೆ ಆ ಬೆಟ್ಟ ದಕ್ಕುತ್ತಿರಲಿಲ್ಲ.

ರಾಲ್ಫ್ ಮಾರಿಸ್ ಶಿಕಾರಿಯೂ ಹೌದು, ಪ್ರಾಣಿಗಳನ್ನು ಕಣ್ಣಿಟ್ಟು ನೋಡಿದವರೂ ಹೌದು. ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಗೆ ಆನೆ, ಹುಲಿ, ಕಾಟಿಗಳ ಬಗ್ಗೆ ಅವರು ಬರೆದ ಟಿಪ್ಪಣಿಗಳು ಅನೇಕ. ಆಗ ಕೊಳ್ಳೇಗಾಲದ ಕಡೆಯ ಬೆಟ್ಟ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರಿಗೆ ಬಂದದ್ದು 1956ರಲ್ಲಿ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ, ಮಾರಿಸ್ ತೋಟ ಬಿಟ್ಟು ಬ್ರಿಟನ್ನಿಗೆ ಹೊರಟರು. ಅರವತ್ತರ ಆಸುಪಾಸಿನಲ್ಲಿ ಇನ್ನೊಮ್ಮೆ ಮೊದಲಿನಿಂದ ಬದುಕು!

ಬೆಟ್ಟದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಬೇಟೆ, ಕಾಡು ಬೇಸಾಯ ನಿಂತವು. ಅದೇ ವರ್ಷ ಕೊಳ್ಳೇಗಾಲದಾಚೆ ಒಡೆಯರಪಾಳ್ಯದಲ್ಲಿ ದೇಶ ಕಳೆದುಕೊಂಡ ಟಿಬೆಟನ್ನರಿಗೆ ನೆಲೆ ಸಿಕ್ಕಿತು. ಹೊರಗಿನಿಂದ ಬಂದವರು ಹೊಸದಾಗಿ ಆರಂಭಿಸುವಾಗ, ಇದ್ದಲ್ಲೇ ಇದ್ದ ಸೋಲಿಗರೂ ಹೊಸದಾಗಿ ಆರಂಭಿಸಬೇಕಾಯಿತು. ಅವರ ಅರಣ್ಯ ಹಕ್ಕಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ.

ರಾಲ್ಫ್ ಅವರ ಮಗಳು ಮೋನಿಕಾ ಜಾಕ್ಸನ್ ಈ ಬೆಟ್ಟದ ತೋಟದಲ್ಲಿ ಬೆಳೆದವರು. 1955ರಲ್ಲಿ ಮಹಿಳೆಯರದೇ ತಂಡದಲ್ಲಿ ಹಿಮಾಲಯದ ಜುಗಲ್ ಹಿಮಾಲ್‌ಗೆ ಹೋಗಿಬಂದ ಪರ್ವತಾರೋಹಿ. ಮುಂದೆ ಅವರು ಬರೆದ ಪುಸ್ತಕದ ಹೆಸರು ‘ಗೋಯಿಂಗ್ ಬ್ಯಾಕ್’, ಅಂದರೆ ಮರಳಿ ಹೋಗುವುದು. ತಂದೆ ಮರಳಿ ಹೋದದ್ದು ಬ್ರಿಟನ್ನಿಗೆ. ಮಗಳು ಮರಳಿದ್ದು ಈ ಬೆಟ್ಟಕ್ಕೆ.