ಮಂಚದ ಎತ್ತರ ಎಷ್ಟಿರಬೇಕು?

(ಹಿರಿಯರ ಆರೈಕೆ ಕುರಿತ ಗೋಷ್ಠಿಯಲ್ಲಿ ಆಡಿದ ಮಾತುಗಳು)

ಆರೋಗ್ಯದ ಬಗ್ಗೆ ಮಾತನಾಡಲು ನಮ್ಮ ಕೂಟದಲ್ಲಿ ಡಾಕ್ಟರುಗಳಿಗೇನೂ ಬರವಿಲ್ಲ. ನಾವು ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವವರು. ಆದ್ದರಿಂದ ಔಷಧಿಯ ವಿಷಯ ಬಲ್ಲವರಿಗೆ ಬಿಟ್ಟು, ಅಳತೆ ಟೇಪು ಹಿಡಿದು ಮಾಡಬಹುದಾದ ಒಂದು ಕೆಲಸದ ಬಗ್ಗೆ ಮಾತ್ರ ಹೇಳುತ್ತೇವೆ. ಅದು ಊರಿನಿಂದ ಬರುವ ಅಪ್ಪ ಅಮ್ಮ ಮಲಗುವ ಕೋಣೆಯ ವಿಷಯ.

ನಮ್ಮ ಮನೆಯ ಗೆಸ್ಟ್ ರೂಮಿನ ಲೆಕ್ಕ ಕೇಳಿ. ಕಬ್ಬಿಣದ ಫ್ರೇಮು 7 ಇಂಚು, ಅದರ ಮೇಲೆ ಬಾಕ್ಸ್ ಸ್ಪ್ರಿಂಗ್ 9 ಇಂಚು, ಅದರ ಮೇಲೆ 12 ಇಂಚಿನ ಮ್ಯಾಟ್ರೆಸ್. ಒಟ್ಟು 28 ಇಂಚು. ಅಮ್ಮನ ಎತ್ತರ 4 ಅಡಿ 10 ಇಂಚು. ಮೊದಲ ದಿನವೇ "ಇದೇನ್ರೋ, ಅಂಬಾರಿ ಹತ್ತಿದ ಹಾಗಿದೆಯಲ್ಲ!" ಎಂದು ನಕ್ಕರು. ಹತ್ತುವುದು ಹೇಗೋ ಆಗುತ್ತದೆ, ಕಷ್ಟವಿರುವುದು ಇಳಿಯುವುದರಲ್ಲಿ. ರಾತ್ರಿ ಎರಡು ಗಂಟೆ, ನಿದ್ದೆಗಣ್ಣು, ಬಿ.ಪಿ. ಮಾತ್ರೆಯ ಮಂಪರು, ಪರಿಚಯವಿಲ್ಲದ ಕತ್ತಲು. ಕಾಲು ನೆಲಕ್ಕೆ ಎಟುಕುವುದಿಲ್ಲ. ನಮ್ಮನ್ನು ಕೂಗಿ ಎಂದರೆ ಕೂಗುವವರಲ್ಲ. ಮಕ್ಕಳಿಗೆ ಬೆಳಿಗ್ಗೆ ಆಫೀಸಿದೆ ಎಂದು ಸದ್ದಿಲ್ಲದೆ ತಾವೇ ಎದ್ದು ಹೋಗುತ್ತಾರೆ. ಯಾರ ಕೈಯನ್ನೂ ಕಾಯದೆ ಎದ್ದು ಹೋಗಿ ಬರುವುದು ಅವರಿಗೆ ಮಾನದ ಪ್ರಶ್ನೆ. ನಾವು ಮಾಡಬೇಕಾದದ್ದು ಅದನ್ನು ತಡೆಯುವುದಲ್ಲ, ಸುಲಭ ಮಾಡಿಕೊಡುವುದು. ಅಮೆರಿಕದಲ್ಲಿ 65 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎನ್ನುತ್ತದೆ ಇಲ್ಲಿನ ಸಿ.ಡಿ.ಸಿ. ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂಬುದನ್ನು ಈ ಸಭೆಯಲ್ಲಿ ಹೇಳಬೇಕಾಗಿಲ್ಲ.

ಅಳತೆ ತೆಗೆಯಬೇಕಾದದ್ದು ಮೊದಲು ಮನುಷ್ಯರದು, ಆಮೇಲೆ ಮಂಚದ್ದು. ಹಿರಿಯರನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಪಾದ ಪೂರ್ತಿ ನೆಲಕ್ಕೆ ಊರಿದಾಗ ನೆಲದಿಂದ ಮಂಡಿಯ ಹಿಂಭಾಗದವರೆಗೆ ಅಳೆಯಿರಿ. ಮಂಚದ ಅಂಚಿನಲ್ಲಿ ಕೂತು ಹಾಸಿಗೆ ತಗ್ಗಿದ ಮೇಲೆ ಹೆಚ್ಚು ಕಡಿಮೆ ಅಷ್ಟೇ ಎತ್ತರ ಉಳಿಯಬೇಕು. ಅಮ್ಮನದು 15 ಇಂಚು ಬಂತು, ಅಪ್ಪನದು 18. ಅಪ್ಪನಿಗೆ ಮಂಡಿ ಬದಲಾಯಿಸುವ ಆಪರೇಷನ್ ಆಗಿದೆ. ಅಂಥವರಿಗೆ ಎತ್ತರಕ್ಕಿಂತ ತಗ್ಗೇ ಶತ್ರು, ಆದ್ದರಿಂದ ಇನ್ನೂ ಒಂದೆರಡು ಇಂಚು ಸೇರಿಸಿಕೊಳ್ಳಬೇಕು. ಒಂದೇ ಮಂಚ ಇಬ್ಬರಿಗೂ ಹೊಂದುವುದಾದರೂ ಹೇಗೆ?

ದೊಡ್ಡ ಮಂಚ ತೆಗೆದು ಎರಡು ಟ್ವಿನ್ ಮಂಚ ಹಾಕಿದೆವು. ಅಮ್ಮನದಕ್ಕೆ ಬಾಕ್ಸ್ ಸ್ಪ್ರಿಂಗ್ ಇಲ್ಲ. ಆದರೆ ಬರೀ ಫ್ರೇಮಿನ ಮೇಲೆ ಮ್ಯಾಟ್ರೆಸ್ ಹಾಕಿದರೆ ಅದು ನಡುವೆ ಕುಸಿಯುತ್ತದೆ. ಅಡ್ಡಪಟ್ಟಿಗಳನ್ನು ಕೊಟ್ಟು ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್ ಹಾಸಬೇಕು. ಟ್ವಿನ್ ಮಂಚ 38 ಇಂಚು ಅಗಲ, 75 ಇಂಚು ಉದ್ದ. ಪ್ಲೈವುಡ್ ಹಾಳೆ 4 ಅಡಿಗೆ 8 ಅಡಿ. ಒಂದು ಹಾಳೆ ಸಾಕು, ಹೋಮ್ ಡಿಪೋದಲ್ಲೇ ಕತ್ತರಿಸಿಕೊಂಡು ಬರಬಹುದು. ಮೇಲೆ 8 ಇಂಚಿನ ಗಟ್ಟಿ ಮ್ಯಾಟ್ರೆಸ್. ಸುಮಾರು 16 ಇಂಚಾಯಿತು. ಅಪ್ಪನದಕ್ಕೆ ಪ್ಲೈವುಡ್ ಬದಲು 5 ಇಂಚಿನ ತೆಳು ಬಾಕ್ಸ್ ಸ್ಪ್ರಿಂಗ್, ಒಟ್ಟು 20. ಕೊಳ್ಳುವಾಗ ಮ್ಯಾಟ್ರೆಸ್ಸಿನ ಅಂಚಿನಲ್ಲಿ ಕೂತು ನೋಡಿ. ನಡುವೆ ಎಷ್ಟೇ ಸುಖವಾಗಿರಲಿ, ಅಂಚು ಕುಸಿದರೆ ಹಿರಿಯರು ಜಾರುತ್ತಾರೆ. ಫ್ರೇಮಿನ ಚಕ್ರಗಳನ್ನು ಕಳಚಿಬಿಡಿ.

ಇಷ್ಟೆಲ್ಲ ಇಂಜಿನಿಯರಿಂಗ್ ನಡೆದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಐವತ್ತು ವರ್ಷ ಆದ್ಮೇಲೆ ಬೇರೆ ಬೇರೆ ಮಂಚ ಯಾಕ್ರೋ?" ಅದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ. ಕೊನೆಗೆ ನಡುವೆ ಒಂದೇ ಟೇಬಲ್ಲು, ಅದರ ಮೇಲೆ ಇಬ್ಬರಿಗೂ ಒಂದೇ ನೀರಿನ ತಂಬಿಗೆ ಎಂದು ರಾಜಿಯಾಯಿತು. ಅವರನ್ನು ಕೇಳದೆ ಏನನ್ನೂ ಬದಲಾಯಿಸಬೇಡಿ. ಒಪ್ಪಿಗೆಯಾಗದ್ದನ್ನು ನಾವು ಆಫೀಸಿಗೆ ಹೋದ ಮೇಲೆ ಅವರೇ ಮೊದಲಿನಂತೆ ಮಾಡಿಡುತ್ತಾರೆ!

ಮಂಚಕ್ಕೆ ಸಿಕ್ಕಿಸುವ ಕಂಬಿಗಳ ಬಗ್ಗೆ ಎಚ್ಚರಿಕೆ ಬೇಕು. ಕಂಬಿಗೂ ಮ್ಯಾಟ್ರೆಸ್ಸಿಗೂ ನಡುವಿನ ಸಂದಿನಲ್ಲಿ ಕತ್ತು, ಎದೆ ಸಿಕ್ಕಿಕೊಂಡು ಹಿರಿಯರು ಸತ್ತಿರುವುದುಂಟು. ಅದಕ್ಕೇ 2023ರಲ್ಲಿ ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಈ ಕಂಬಿಗಳಿಗೆ ಕಡ್ಡಾಯ ನಿಯಮ ತಂದಿತು. ಗರಾಜ್ ಸೇಲಿನಲ್ಲಿ ಸಿಕ್ಕ ಹಳೆಯದನ್ನು ತರಬೇಡಿ. ಮರೆವಿನ ಕಾಯಿಲೆ ಇರುವವರಿಗಾದರೆ ಡಾಕ್ಟರನ್ನು ಕೇಳದೆ ಹಾಕಲೇಬೇಡಿ, ಅವರು ಕಂಬಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳಬಹುದು.

ಏಳುವಾಗ ಕೈ ಹತ್ತಿರ ಇದ್ದದ್ದನ್ನೇ ಹಿಡಿಯುತ್ತದೆ. ಅದು ಡ್ರೆಸ್ಸರಿನ ಡ್ರಾಯರ್ ಆಗಿದ್ದರೆ ಡ್ರೆಸ್ಸರೇ ಮೈಮೇಲೆ ಬರಬಹುದು. ಅದನ್ನು ಗೋಡೆಗೆ ಬಿಗಿಯಿರಿ. ಬರೀ ಡ್ರೈವಾಲ್ ಭಾರ ತಡೆಯುವುದಿಲ್ಲ, ಒಳಗಿನ ಮರದ ಸ್ಟಡ್ ಹುಡುಕಿ ಸ್ಕ್ರೂ ಹಾಕಬೇಕು. ಸಾಮಾನ್ಯವಾಗಿ 16 ಇಂಚಿಗೊಂದು ಸಿಗುತ್ತದೆ. ಕೈ ಇರುವ ಕುರ್ಚಿಯೊಂದು ಕೋಣೆಯಲ್ಲಿರಲಿ, ಪ್ಯಾಂಟು, ಸಾಕ್ಸು ಹಾಕಿಕೊಳ್ಳಲು. ನೆಲಕ್ಕೆ ಇಳಿಬೀಳುವ ಕಂಫರ್ಟರ್ ತೆಗೆದು ಊರಿನ ಹೊದಿಕೆ ಕೊಡಿ. ಮಂಚದ ಪಕ್ಕದ ಚಿಕ್ಕ ರಗ್ಗು ಬೇಡವೇ ಬೇಡ. ಮಂಚದಿಂದ ಬಾತ್‌ರೂಮಿನವರೆಗೆ, ಚಲನೆ ಕಂಡೊಡನೆ ತಾನೇ ಹೊತ್ತಿಕೊಳ್ಳುವ ನೈಟ್ ಲೈಟುಗಳನ್ನು ಹಾಕಿ. ಎದ್ದೊಡನೆ ನಿಲ್ಲದೆ ಒಂದೆರಡು ನಿಮಿಷ ಕಾಲು ಊರಿ ಕೂರುವುದು ಒಳ್ಳೆಯದು. ರಕ್ತದೊತ್ತಡ ತಟ್ಟನೆ ಇಳಿದು ತಲೆ ಸುತ್ತುವುದು ಆಗಲೇ.

ರಜೆಗೆ ಊರಿಗೆ ಹೋದಾಗಲೂ ಟೇಪು ಜೊತೆಗಿರಲಿ. ಅಲ್ಲಿನ ತೇಗದ ಮಂಚಗಳ ಚೌಕಟ್ಟಿನ ಅಂಚು ಹಾಸಿಗೆಗಿಂತ ಮೇಲಿದ್ದರೆ ತೊಡೆಗೆ ಒತ್ತುತ್ತದೆ. ಕರೆಂಟು ಹೋದರೆ ತಾನೇ ಹೊತ್ತುವ ದೀಪವೊಂದನ್ನು ದಾರಿಯಲ್ಲಿಟ್ಟು ಬನ್ನಿ.

ಕೊನೆಯದಾಗಿ ಒಂದು ಕೋರಿಕೆ. ಡಾಕ್ಟರು ಬರೆದುಕೊಟ್ಟರೆ ಆಸ್ಪತ್ರೆ ಮಾದರಿಯ ಮಂಚಕ್ಕೆ ಮೆಡಿಕೇರ್ ನೆರವು ಸಿಗಬಹುದು. ಆದರೆ ವಿಸಿಟರ್ ವೀಸಾದಲ್ಲಿ ಬರುವ ನಮ್ಮ ಹಿರಿಯರಿಗೆ ಮೆಡಿಕೇರ್ ಇಲ್ಲ. ಆರು ತಿಂಗಳಿಗಾಗಿ ಕೊಂಡದ್ದು ಆಮೇಲೆ ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತದೆ. ನಿಮ್ಮಲ್ಲಿ ಸುಸ್ಥಿತಿಯಲ್ಲಿರುವ ವಾಕರ್, ಕಮೋಡ್ ಕುರ್ಚಿ, ಟ್ವಿನ್ ಫ್ರೇಮು ಇದ್ದರೆ ಇವತ್ತೇ ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದು ಹೋಗಿ. ಬೇಕಾದವರು ಪಕ್ಕದ ಪುಟದಲ್ಲಿ ಬರೆಯಿರಿ. ಸಾಗಿಸಲು ನಮ್ಮ ವ್ಯಾನಿದೆ. ಪ್ಲೈವುಡ್ ಕೂರಿಸಲು ಕರೆದರೆ ಶನಿವಾರ ಬರುತ್ತೇವೆ, ಕಾಫಿ ಮಾತ್ರ ನಿಮ್ಮದು.